ಕ್ಯೂಬ್ಸ್ ಹಾಕಿದ್ದಾಯ್ತು, ಈಗ ವಿಪಿಎನ್ ಎಲ್ಲಿ ಹಾಕಲಿ?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನವನು. ಮನೆಯಲ್ಲಿ ರೇಷ್ಮೆ ಇದೆ, ಜೊತೆಗೆ ಒಂದು ವಾರಪತ್ರಿಕೆಗೆ ವರದಿ ಬರೆಯುತ್ತೇನೆ. ಕೆರೆ ಒತ್ತುವರಿ, ಕಲ್ಲು ಕ್ವಾರಿ, ಕ್ರಷರ್ ಇಂಥವೇ ಹೆಚ್ಚು. ದಾಖಲೆ ಕಳಿಸುವವರಲ್ಲಿ ಕೆಲವರು ಸರ್ಕಾರಿ ನೌಕರರು, ಹೆಸರು ಹೊರಬಿದ್ದರೆ ಅವರ ಕೆಲಸಕ್ಕೇ ಸಂಚಕಾರ. ಅದಕ್ಕೇ ಹಳೆಯ ಥಿಂಕ್‌ಪ್ಯಾಡ್ ಟಿ480 ಕೊಂಡು ಕ್ಯೂಬ್ಸ್ ಓಎಸ್ ಹಾಕಿದ್ದೇನೆ, ರ‍್ಯಾಮ್ 16 ಜಿಬಿ ಇದೆ. ಇನ್ನು ವಿಪಿಎನ್, ಟಾರ್, ಸಿಗ್ನಲ್, ಪಾಸ್‌ವರ್ಡ್ ಮ್ಯಾನೇಜರ್ ಹಾಕಬೇಕು. ಯಾವುದನ್ನು ಎಲ್ಲಿ ಹಾಕಲಿ? ವಿಪಿಎನ್ ಮೇಲೆ ಟಾರೋ, ಟಾರ್ ಮೇಲೆ ವಿಪಿಎನ್ನೋ? ಕನ್ನಡ ಟೈಪಿಂಗ್ ಕೂಡ ಬರುತ್ತಿಲ್ಲ.

ಉತ್ತರ: ವಿಂಡೋಸ್ ಆಗಿದ್ದರೆ ನೀವು ಕೇಳಿದ ಹಾಗೇ ಉತ್ತರ ಹೇಳಬಹುದಿತ್ತು, ಅಲ್ಲಿ ಎಲ್ಲವೂ ಒಂದೇ ಜಾಗದಲ್ಲಿ ಬಂದು ಬೀಳುತ್ತವೆ. ಕ್ಯೂಬ್ಸ್‌ನಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ. ಈ ಕೆಲಸ ನನ್ನ ಹೆಸರಿನಲ್ಲಿ ಮಾಡುತ್ತಿದ್ದೇನೋ, ಹೆಸರಿಲ್ಲದೆಯೋ? ಇದಕ್ಕೆ ಇಂಟರ್ನೆಟ್ ಬೇಕೇ ಬೇಕೋ? ಇವೆರಡಕ್ಕೆ ಉತ್ತರ ಬರೆದಿಟ್ಟುಕೊಂಡರೆ ವಿಪಿಎನ್ ಎಲ್ಲಿ, ಟಾರ್ ಎಲ್ಲಿ ಎಂಬುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ. ಹೊಸಬರಿಗಾಗಿ ಒಂದು ಮಾತು: ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನು ಒಂದು ಕಂಪನಿಯ ಸರ್ವರ್ ಮೂಲಕ ಹಾಯಿಸುವ ಸುರಂಗ, ಟಾರ್ ಎಂದರೆ ಅದನ್ನು ಹಲವು ಯಂತ್ರಗಳ ಮೂಲಕ ಸುತ್ತಿಸಿ ಗುರುತು ಮರೆಸುವ ಜಾಲ, ಸಿಗ್ನಲ್ ಗೂಢಲಿಪಿಯಲ್ಲಿ ಸಂದೇಶ ಕಳಿಸುವ ಆ್ಯಪ್. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಹೆಸರುಗಳನ್ನು ಇಲ್ಲಿ ಓದುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ.

ಕ್ಯೂಬ್ಸ್ ಹುಟ್ಟಿದ್ದು ಪೋಲೆಂಡಿನ ವಾರ್ಸಾದಲ್ಲಿ. ಇನ್‌ವಿಸಿಬಲ್ ಥಿಂಗ್ಸ್ ಲ್ಯಾಬ್‌ನ ಜೊಆನಾ ರುಟ್ಕೋವ್‌ಸ್ಕಾ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಹೊರಗೆ ತೋರಿಸಿದರು, 2012ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಬ್ರೌಸರೋ ಪಿಡಿಎಫ್ ತೆರೆಯುವ ತಂತ್ರಾಂಶವೋ ಒಂದಲ್ಲ ಒಂದು ದಿನ ಕೈಕೊಟ್ಟೇ ಕೊಡುತ್ತದೆ ಎಂದು ಒಪ್ಪಿಕೊಂಡೇ ಇದನ್ನು ಕಟ್ಟಿದ್ದಾರೆ. ಕೆಳಗೆ ಒಂದೇ ಕಂಪ್ಯೂಟರನ್ನು ಹಲವಾಗಿ ಹಂಚುವ ಝೆನ್ ಎಂಬ ಹೈಪರ್‌ವೈಸರ್, ಅದರ ಮೇಲೆ ಒಂದರ ಒಳಗು ಇನ್ನೊಂದಕ್ಕೆ ಕಾಣದ ವರ್ಚುವಲ್ ಯಂತ್ರಗಳು. ಅವನ್ನೇ ಕ್ಯೂಬ್ ಎನ್ನುವುದು. ನಿಮ್ಮ ಹುಳು ಮನೆಯ ಶಿಸ್ತೇ ಇದು. ಚಾಕಿ ಹುಳುವಿಗೆ ಬೇರೆ ಕೋಣೆ, ಹೊರಗಿನ ಚಪ್ಪಲಿ ಒಳಗೆ ಬರುವಂತಿಲ್ಲ, ಹಾಲು ರೋಗ ಕಂಡ ಹುಳುವನ್ನು ಆರಿಸಿ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕುತ್ತೀರಿ. ರೋಗ ಬರುವುದೇ ಇಲ್ಲ ಎಂದು ಯಾವ ರೈತರೂ ನಂಬುವುದಿಲ್ಲ, ಬಂದದ್ದು ಒಂದು ತಟ್ಟೆಯಲ್ಲೇ ನಿಲ್ಲಲಿ ಎಂದು ಅಷ್ಟೆಲ್ಲ ಮಾಡುತ್ತಾರೆ.

ನಿಮ್ಮಂಥವರಿಗೆ ಅಪಾಯ ಹೆಚ್ಚಾಗಿ ಬರುವುದು ಫೈಲಿನ ರೂಪದಲ್ಲಿ. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿಯೊಬ್ಬರ ಲ್ಯಾಪ್‌ಟಾಪಿನ ಪ್ರತಿಯನ್ನು ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಡಿಜಿಟಲ್ ಫೊರೆನ್ಸಿಕ್ ಸಂಸ್ಥೆ 2021ರಲ್ಲಿ ಒಂದು ವರದಿ ಕೊಟ್ಟಿತು. ಅದು ಹೇಳುವ ಪ್ರಕಾರ, 2016ರಲ್ಲಿ ಅವರಿಗೆ ಪರಿಚಿತರೊಬ್ಬರ ಖಾತೆಯಿಂದ ಇಮೇಲ್ ಬಂತು, ಅವರು ಅದರ ಜೊತೆಗಿದ್ದ ಫೈಲ್ ತೆರೆದರು, ಕಣ್ಣಿಗೆ ಕಂಡದ್ದು ಮಾಮೂಲಿ ದಾಖಲೆ, ಹಿಂದೆ ಸದ್ದಿಲ್ಲದೆ ಕೂತದ್ದು ನೆಟ್‌ವೈರ್ ಎಂಬ ಗೂಢಚಾರ ತಂತ್ರಾಂಶ. ಆ ಯಂತ್ರದಲ್ಲಿ ಎಂಥ ದುಬಾರಿ ವಿಪಿಎನ್ ಇದ್ದರೂ ಇದನ್ನು ತಡೆಯುತ್ತಿರಲಿಲ್ಲ. ಹಾಗಾಗಿ ನೀವು ಕೇಳಿದ ನಾಲ್ಕರಲ್ಲಿ ವಿಪಿಎನ್ಗೆ ನಾನು ಕೊಡುವುದು ಕೊನೆಯ ಸ್ಥಾನ.

ಮೊದಲು ಕ್ಯೂಬ್‌ಗಳನ್ನು ಹಂಚಿಕೊಳ್ಳಿ. ಇನ್‌ಸ್ಟಾಲ್ ಆದಾಗ ಪರ್ಸನಲ್, ವರ್ಕ್, ಅನ್‌ಟ್ರಸ್ಟೆಡ್, ವಾಲ್ಟ್ ಎಂದು ಕೆಲವು ತಾನಾಗಿ ಬಂದಿರುತ್ತವೆ. ಟಾರ್ ಬಳಕೆಗೆಂದೇ ಕಟ್ಟಿದ ಹೂನಿಕ್ಸ್ ಎಂಬುದನ್ನು ಆಯ್ಕೆ ಮಾಡಿದ್ದರೆ ಸಿಸ್-ಹೂನಿಕ್ಸ್, ಅನಾನ್-ಹೂನಿಕ್ಸ್ ಎಂಬ ಎರಡು ಇರುತ್ತವೆ. ನಿಮ್ಮ ಕೆಲಸಕ್ಕೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಬ್ಯಾಂಕ್, ರೇಷ್ಮೆ ಗೂಡಿನ ಲೆಕ್ಕ, ಪಹಣಿ, ಕರೆಂಟ್ ಬಿಲ್ಲು ಎಲ್ಲಕ್ಕೂ ಒಂದು ಕ್ಯೂಬ್, ನೇರ ಇಂಟರ್ನೆಟ್. ಪತ್ರಿಕೆಯ ಇಮೇಲ್, ಆರ್‌ಟಿಐ ಅರ್ಜಿ, ನಿಮ್ಮ ಹೆಸರಿನಲ್ಲೇ ನಡೆಯುವ ಓಡಾಟಕ್ಕೆ ಇನ್ನೊಂದು. ಸಿಗ್ನಲ್‌ಗೆ ಮೂರನೆಯದು. ಮೂಲಗಳಿಂದ ಬಂದ ದಾಖಲೆಗಳಿಗೆ ನಾಲ್ಕನೆಯದು, ಇದಕ್ಕೆ ಇಂಟರ್ನೆಟ್ಟೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ನೆಟ್ ಕ್ಯೂಬ್ (ಇಂಟರ್ನೆಟ್ ಯಾವ ಕ್ಯೂಬಿನ ಮೂಲಕ ಬರಬೇಕು) ಎಂಬಲ್ಲಿ ‘ನನ್’ ಆರಿಸಿದರೆ ಮುಗಿಯಿತು. ಪಾಸ್‌ವರ್ಡಿಗೆ ವಾಲ್ಟ್, ಅದಕ್ಕೆ ಮೊದಲಿನಿಂದಲೇ ಇಂಟರ್ನೆಟ್ ಇರುವುದಿಲ್ಲ. ಹೆಸರಿಲ್ಲದೆ ಹುಡುಕುವುದಕ್ಕೆ ಅನಾನ್-ಹೂನಿಕ್ಸ್. ಯಾರೋ ಕಳಿಸಿದ ಲಿಂಕ್ ತೆರೆದು ನೋಡುವುದಕ್ಕೆ ಡಿಸ್ಪೋಸಬಲ್ ಕ್ಯೂಬ್, ಕಿಟಕಿ ಮುಚ್ಚಿದೊಡನೆ ಅದು ಇಡಿಯಾಗಿ ಅಳಿಸಿಹೋಗುತ್ತದೆ.

ಕ್ಯೂಬ್‌ಗಳಿಗೆ ಹೆಸರಿಡುವಾಗ ಮೂಲದವರ ಊರು, ಇಲಾಖೆ, ಅಡ್ಡಹೆಸರು ಬೇಡ. ಕಚೇರಿಯಲ್ಲಿ ಪಕ್ಕ ಕೂತವರು ಪರದೆಯತ್ತ ಕಣ್ಣು ಹಾಯಿಸಿದರೂ ಮೆನುವಿನಲ್ಲಿ ಅದು ಕಾಣುತ್ತದೆ. ಬಣ್ಣವನ್ನು ಮಾತ್ರ ಯೋಚಿಸಿ ಆರಿಸಿ. ಪ್ರತಿ ಕಿಟಕಿಯ ಅಂಚಿಗೂ ಆಯಾ ಕ್ಯೂಬಿನ ಬಣ್ಣ ಬರುತ್ತದೆ, ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ತಪ್ಪು ಕಿಟಕಿಯಲ್ಲಿ ತಪ್ಪು ಖಾತೆಗೆ ಲಾಗಿನ್ ಆಗದಂತೆ ಕಾಯುವುದು ಆ ಬಣ್ಣವೇ.

ತಂತ್ರಾಂಶ ಎಲ್ಲಿ ಹಾಕಬೇಕು ಎಂಬಲ್ಲಿ ಹೊಸಬರೆಲ್ಲ ಒಮ್ಮೆ ಮುಗ್ಗರಿಸುತ್ತಾರೆ. ವರ್ಕ್ ಕ್ಯೂಬಿನಲ್ಲಿ ಏನೋ ಹಾಕುತ್ತಾರೆ, ಕೆಲಸ ಮಾಡುತ್ತದೆ, ಮರುದಿನ ನೋಡಿದರೆ ಮಾಯ! ಕ್ಯೂಬ್ ಮುಚ್ಚಿ ತೆರೆದಾಗ ಉಳಿಯುವುದು ಹೋಮ್ ಫೋಲ್ಡರ್ ಮತ್ತು ಇನ್ನೊಂದೆರಡು ಜಾಗ ಮಾತ್ರ, ಉಳಿದ ವ್ಯವಸ್ಥೆಯೆಲ್ಲ ಪ್ರತಿಸಲ ಟೆಂಪ್ಲೇಟ್ ಎಂಬ ಮೂಲ ಅಚ್ಚಿನಿಂದ ಹೊಸದಾಗಿ ಬರುತ್ತದೆ. ಆದ್ದರಿಂದ ತಂತ್ರಾಂಶ ಹಾಕಬೇಕಾದದ್ದು ಟೆಂಪ್ಲೇಟಿನಲ್ಲಿ. ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಟೆಂಪ್ಲೇಟನ್ನು ಕ್ಲೋನ್ ಮಾಡಿ, ಆ ಪ್ರತಿಯಲ್ಲಿ ಸಿಗ್ನಲ್ ಹಾಕಿ, ಸಿಗ್ನಲ್ ಕ್ಯೂಬಿಗೆ ಆ ಪ್ರತಿಯನ್ನೇ ಆಧಾರ ಮಾಡಿ. ಮೂಲ ಟೆಂಪ್ಲೇಟ್ ಮುಟ್ಟದೆ ಇಟ್ಟರೆ ವಾಲ್ಟ್ ಅದರ ಮೇಲೆ ನಿಶ್ಚಿಂತೆಯಾಗಿ ನಿಲ್ಲುತ್ತದೆ. ಎಲ್ಲ ಕ್ಯೂಬ್‌ಗಳನ್ನೂ ನಿಯಂತ್ರಿಸುವ ಡಾಮ್-ಜೀರೋ ಎಂಬ ಭಾಗದಲ್ಲಿ ಮಾತ್ರ ಏನನ್ನೂ ಹಾಕಬೇಡಿ, ಅಲ್ಲಿ ಕಡತ ತೆರೆಯಬೇಡಿ, ವಾಲ್‌ಪೇಪರಿಗೆಂದು ಒಂದು ಫೋಟೋವನ್ನೂ ಒಯ್ಯಬೇಡಿ. ಅದು ಕೆಟ್ಟರೆ ಉಳಿದ ಗೋಡೆಗಳೆಲ್ಲ ಇದ್ದೂ ಇಲ್ಲದಂತೆ.

ಇನ್ನು ವಿಪಿಎನ್. ಯೂಟ್ಯೂಬ್ ಜಾಹೀರಾತುಗಳು ಇದರ ಬಗ್ಗೆ ಬಿತ್ತಿರುವ ನಂಬಿಕೆ ದೊಡ್ಡದು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ವಿಪಿಎನ್ ನಿಮ್ಮನ್ನು ಅನಾಮಧೇಯರನ್ನಾಗಿ ಮಾಡುವುದಿಲ್ಲ. ಇಲ್ಲಿಯವರೆಗೆ ನಿಮ್ಮ ಓಡಾಟ ನೋಡುತ್ತಿದ್ದವರು ಒಬ್ಬರು, ಇನ್ನುಮುಂದೆ ನೋಡುವವರು ಇನ್ನೊಬ್ಬರು, ಅಷ್ಟೇ ಬದಲಾವಣೆ. ನಗರದವರಿಗೆ ಇದು ದೊಡ್ಡ ಲಾಭವಲ್ಲ, ನಿಮಗೆ ಲಾಭ. ತಾಲ್ಲೂಕು ಕೇಂದ್ರಗಳಲ್ಲಿ ಫೈಬರ್ ಎಳೆದು ಇಂಟರ್ನೆಟ್ ಕೊಡುವವರು ಸ್ಥಳೀಯ ಕೇಬಲ್‌ನವರು, ಅವರಿಗೂ ಕ್ವಾರಿ ಮಾಲೀಕರಿಗೂ ಬಳಕೆ ಇಲ್ಲವೆಂದು ಹೇಗೆ ಹೇಳುವುದು? ಎಚ್‌ಟಿಟಿಪಿಎಸ್ ಇದ್ದರೆ ನೀವು ಓದಿದ ಪುಟ ಅವರಿಗೆ ಕಾಣದು, ಆದರೆ ಯಾವ ತಾಣಕ್ಕೆ, ಎಷ್ಟು ಹೊತ್ತಿಗೆ ಹೋದಿರಿ ಎಂಬುದು ಬೇಕೆಂದರೆ ಕಾಣುತ್ತದೆ. ಆ ಕಣ್ಣಿಗೆ ಪರದೆ ಹಾಕಲು ವಿಪಿಎನ್ ಸಾಕು.

ಆದರೆ ಸರ್ಕಾರದ ಕಣ್ಣಿಗೆ ಪರದೆ ಎಂದುಕೊಂಡಿದ್ದರೆ ಲೆಕ್ಕ ಬೇರೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಕೊಟ್ಟ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಇತ್ಯಾದಿಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಅದೇ ವರ್ಷ ಸೆಪ್ಟೆಂಬರ್ 25ರಿಂದ ಇದು ಜಾರಿಗೆ ಬಂತು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಮುಂತಾದವು ಇದಕ್ಕೆ ಒಪ್ಪದೆ ಭಾರತದಲ್ಲಿದ್ದ ಸರ್ವರುಗಳನ್ನು ತೆಗೆದವು. ಇವತ್ತು ಆ್ಯಪಿನಲ್ಲಿ ‘ಇಂಡಿಯಾ’ ಎಂದು ಕಂಡರೂ ಯಂತ್ರ ಬೇರೆ ದೇಶದಲ್ಲಿರಬಹುದು. ಜೊತೆಗೆ ನೀವು ಹಣ ಕಟ್ಟುವುದು ಕಾರ್ಡಿನಿಂದ, ಕಾರ್ಡಿಗೆ ನಿಮ್ಮ ಹೆಸರಿದೆ. ಉಚಿತ ವಿಪಿಎನ್ ಹಾಕುತ್ತೇನೆ ಎಂದರೆ, ಸರ್ವರ್ ಖರ್ಚು ಯಾರು ಕೊಡುತ್ತಿದ್ದಾರೆ ಎಂದು ಮೊದಲು ವಿಚಾರಿಸಿ.

ಕ್ಯೂಬ್ಸ್‌ನಲ್ಲಿ ಇದನ್ನು ಕೂರಿಸುವ ಕ್ರಮ ಹೀಗೆ. ಕಂಪನಿಯ ಆ್ಯಪನ್ನು ನಿಮ್ಮ ಕೆಲಸದ ಕ್ಯೂಬಿನೊಳಗೆ ಹಾಕಬೇಡಿ. ಸಿಸ್-ವಿಪಿಎನ್ ಎಂದು ಹೊಸ ಕ್ಯೂಬ್ ಮಾಡಿ, ‘ಇತರ ಕ್ಯೂಬ್‌ಗಳಿಗೆ ನೆಟ್‌ವರ್ಕ್ ಒದಗಿಸುತ್ತದೆ’ ಎಂಬರ್ಥದ ಆಯ್ಕೆಗೆ ಟಿಕ್ ಹಾಕಿ, ಅದರ ನೆಟ್ ಕ್ಯೂಬ್ ಮೊದಲಿನಿಂದಲೇ ಇರುವ ಸಿಸ್-ಫೈರ್‌ವಾಲ್ ಆಗಿರಲಿ. ಸರ್ವಿಸಸ್ ಪುಟದಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಸೇರಿಸಿ. ನಿಮ್ಮ ವಿಪಿಎನ್ ಖಾತೆಯಿಂದ ವಯರ್‌ಗಾರ್ಡ್ ಎಂಬ ವಿಪಿಎನ್ ಪದ್ಧತಿಯ ಕಾನ್ಫಿಗ್ ಫೈಲ್ ಇಳಿಸಿ ಇಲ್ಲಿಗೆ ಆಮದು ಮಾಡಿ. ಇನ್ನು ಯಾವ ಕ್ಯೂಬಿಗೆ ವಿಪಿಎನ್ ಬೇಕೋ ಅದರ ನೆಟ್ ಕ್ಯೂಬನ್ನು ಸಿಸ್-ವಿಪಿಎನ್ ಎಂದು ಬದಲಿಸಿದರೆ ಸಾಕು, ಆ ಕ್ಯೂಬಿಗೆ ತಾನು ವಿಪಿಎನ್ ಮೂಲಕ ಹೋಗುತ್ತಿದ್ದೇನೆಂಬುದೇ ಗೊತ್ತಿರುವುದಿಲ್ಲ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಕರೆಂಟ್ ಹೋಗಿ ರೂಟರ್ ಮತ್ತೆ ಎದ್ದಾಗ ವಯರ್‌ಗಾರ್ಡ್ ಸುರಂಗ ಏಳದೇ ಹೋದರೆ ಏನಾಗುತ್ತದೆ? ಸಿಸ್-ವಿಪಿಎನ್ ತನ್ನ ಹಿಂದಿರುವ ಕ್ಯೂಬ್‌ಗಳ ಮಾತನ್ನು ಬರಿಮೈಯಲ್ಲೇ ಹೊರಗೆ ಕಳಿಸಿಬಿಡಬಹುದು. ಅದಕ್ಕೆ ಸಿಸ್-ವಿಪಿಎನ್ ಸೆಟ್ಟಿಂಗ್ಸ್‌ನ ಫೈರ್‌ವಾಲ್ ಪುಟಕ್ಕೆ ಹೋಗಿ, ಹೊರಹೋಗುವ ಸಂಪರ್ಕವನ್ನು ವಿಪಿಎನ್ ಸರ್ವರಿನ ಒಂದೇ ಒಂದು ಐಪಿ ವಿಳಾಸಕ್ಕೆ ಮಿತಿಗೊಳಿಸಿ. ಸುರಂಗ ಬಿದ್ದರೆ ಎಲ್ಲವೂ ನಿಲ್ಲಬೇಕು. ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇದೆ, ಓದಿ. ಈ ಪುಟದಲ್ಲಿ ಏನೇ ಮಿತಿ ಹಾಕಿದರೂ ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ಹುಡುಕುವ ವಿಚಾರಣೆ) ಮತ್ತು ಪಿಂಗ್ (ಯಂತ್ರ ಎಚ್ಚರವಿದೆಯೇ ಎಂದು ತಟ್ಟಿ ನೋಡುವ ಸಂದೇಶ) ತೆರೆದೇ ಇರುತ್ತವೆ. ಅವನ್ನೂ ಮುಚ್ಚಲು ಡಾಮ್-ಜೀರೋ ಟರ್ಮಿನಲ್‌ನಲ್ಲಿ ಕ್ಯೂಬ್ಸ್‌ನ ಫೈರ್‌ವಾಲ್ ಆದೇಶವನ್ನೇ ಬಳಸಬೇಕು. ಡಿಎನ್‌ಎಸ್ ಮುಚ್ಚಿದ ಮೇಲೆ ಕಾನ್ಫಿಗ್ ಫೈಲಿನಲ್ಲಿ ಸರ್ವರನ್ನು ಹೆಸರಿನಿಂದ ಬರೆದಿದ್ದರೆ ಸುರಂಗ ಏಳುವುದಿಲ್ಲ, ಐಪಿ ಅಂಕಿಯನ್ನೇ ಬರೆಯಿರಿ. ಎಲ್ಲ ಮುಗಿದ ಮೇಲೆ ಒಂದು ಡಿಸ್ಪೋಸಬಲ್ ಕ್ಯೂಬನ್ನು ಸಿಸ್-ವಿಪಿಎನ್ ಹಿಂದೆ ನಿಲ್ಲಿಸಿ, ಯಾವುದಾದರೂ ಪುಟ ತೆರೆದು, ಸುರಂಗವನ್ನು ಕೈಯಾರೆ ಕಡಿದು ಮತ್ತೆ ಪುಟ ತೆರೆಯಿರಿ. ಬಂದರೆ ಎಲ್ಲೋ ತೂತಿದೆ.

ಬ್ಯಾಂಕಿನ ಕ್ಯೂಬನ್ನು ಇದರ ಹಿಂದೆ ಹಾಕಬೇಡಿ. ಬೆಳಿಗ್ಗೆ ಚಿಕ್ಕಬಳ್ಳಾಪುರ, ಸಂಜೆ ನೆದರ್‌ಲ್ಯಾಂಡ್ಸ್ ಎಂದು ಕಂಡರೆ ಬ್ಯಾಂಕಿನವರು ಖಾತೆ ತಡೆಹಿಡಿಯುವುದು ಸಹಜ. ನಮ್ಮ ಸರ್ಕಾರಿ ತಾಣಗಳಲ್ಲಿ ಎಷ್ಟೋ ವಿದೇಶಿ ಐಪಿಗೆ ಬಾಗಿಲೇ ತೆರೆಯುವುದಿಲ್ಲ. ಆರ್‌ಟಿಐ ಅರ್ಜಿಯನ್ನು ಟಾರ್‌ನಲ್ಲಿ ಹಾಕಬೇಕೇ ಎಂಬ ಯೋಚನೆಯೂ ನಿಮಗೆ ಬಂದಿರಬಹುದು. ಅರ್ಜಿಯ ಮೇಲೆ ನಿಮ್ಮ ಹೆಸರು, ವಿಳಾಸ ಇದ್ದೇ ಇರುತ್ತದೆ, ಇನ್ನು ಟಾರ್ ಯಾರಿಂದ ಏನನ್ನು ಮುಚ್ಚಬೇಕು? 2005ರ ಕಾಯ್ದೆಯ 6(2)ನೇ ಕಲಂ ಪ್ರಕಾರ ಮಾಹಿತಿ ಏಕೆ ಬೇಕೆಂದು ನೀವು ಹೇಳಬೇಕಾಗಿಲ್ಲ, ಸಂಪರ್ಕಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ವಿವರ ಕೊಡಬೇಕಾಗಿಲ್ಲ. ಅಲ್ಲಿ ನಿಮ್ಮ ರಕ್ಷಣೆ ಆ ಕಲಮೇ. ಆದರೆ ಒಂದು ಎಚ್ಚರ. ಮೂಲದವರು ಕೊಟ್ಟ ಕಡತದ ಸಂಖ್ಯೆಯನ್ನೇ ಅರ್ಜಿಯಲ್ಲಿ ಬರೆದು ‘ಇದರ ಪ್ರತಿ ಕೊಡಿ’ ಎಂದು ಕೇಳಿದರೆ, ಒಳಗಿನ ಕಡತ ಹೊರಗೆ ಹೋಗಿದೆ ಎಂದು ಇಡೀ ಕಚೇರಿಗೆ ನೀವೇ ಡಂಗುರ ಹೊಡೆದಂತೆ. ಆ ಅವಧಿಯ ಎಲ್ಲ ಗುತ್ತಿಗೆ ಆದೇಶಗಳನ್ನು ಕೇಳಿ, ನಿಮಗೆ ಬೇಕಾದದ್ದು ಅದರಲ್ಲಿ ಬಂದೇ ಬರುತ್ತದೆ.

ಟಾರ್ ವಿಷಯದಲ್ಲಿ ಕ್ಯೂಬ್ಸ್ ನಿಮ್ಮ ಕೆಲಸವನ್ನು ಹಗುರ ಮಾಡಿಟ್ಟಿದೆ. ಟಾರ್ ಓಡುವುದು ಸಿಸ್-ಹೂನಿಕ್ಸ್‌ನಲ್ಲಿ, ಬ್ರೌಸರ್ ಇರುವುದು ಅನಾನ್-ಹೂನಿಕ್ಸ್‌ನಲ್ಲಿ. ಬ್ರೌಸರ್ ಪೂರ್ತಿ ಕೆಟ್ಟು ಬೇರೆಯವರ ಕೈಗೆ ಹೋದರೂ ಅದಕ್ಕೆ ನಿಮ್ಮ ನಿಜವಾದ ಐಪಿ ಗೊತ್ತೇ ಇರುವುದಿಲ್ಲ, ಹೇಳಲು ಅದರ ಬಳಿ ಏನೂ ಇಲ್ಲ. ಅನಾನ್-ಹೂನಿಕ್ಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಕಾಣುತ್ತದೆ, ಅದು ಬೇಕೆಂದೇ ಯುಟಿಸಿ ಎಂಬ ಜಾಗತಿಕ ಪ್ರಮಾಣ ಕಾಲದಲ್ಲಿದೆ, ಸರಿಪಡಿಸಲು ಹೋಗಬೇಡಿ. ಟಾರ್ ಬ್ರೌಸರಿಗೆ ಎಕ್ಸ್‌ಟೆನ್ಷನ್ ಸೇರಿಸಬೇಡಿ. ಅದರ ಬಲ ಇರುವುದೇ ಎಲ್ಲರ ಬ್ರೌಸರೂ ಒಂದೇ ಥರ ಕಾಣುವುದರಲ್ಲಿ.

ಸರಿ, ಕ್ರಮ ಯಾವುದು? ಟಾರ್ ದಾಟಿದ ಮೇಲೆ ವಿಪಿಎನ್ ಎಂಬುದನ್ನು ಬಿಟ್ಟೇಬಿಡಿ. ಟಾರ್ ಹೊರಬಾಗಿಲನ್ನು ಆಗಾಗ ಬದಲಿಸುತ್ತದೆ, ನೀವು ಅದರ ತುದಿಗೆ ನಿಮ್ಮ ಹೆಸರಿನ, ನೀವು ಹಣ ಕಟ್ಟಿದ ಒಂದೇ ಬಾಗಿಲು ಕಟ್ಟಿದಂತಾಗುತ್ತದೆ. ವಿಪಿಎನ್ ಹಿಂದೆ ಟಾರ್ ಎಂಬುದಕ್ಕೆ ಮಾತ್ರ ಒಂದಿಷ್ಟು ಅರ್ಥವಿದೆ, ಟಾರ್ ಬಳಸುತ್ತಿದ್ದೀರಿ ಎಂಬುದು ಕೇಬಲ್‌ನವರಿಗೆ ತಿಳಿಯುವುದಿಲ್ಲ.

ಅದು ತಿಳಿದರೆ ಏನಂತೆ ಎನ್ನಬಹುದು. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಕಳಿಸಿದ ವಿದ್ಯಾರ್ಥಿ ಟಾರ್ ಬಳಸಿದ್ದ. ತನಿಖೆಯವರು ಟಾರನ್ನು ಮುರಿಯಲೇ ಇಲ್ಲ. ಆ ಹೊತ್ತಿನಲ್ಲಿ ಕ್ಯಾಂಪಸ್ ವೈಫೈಯಿಂದ ಟಾರ್‌ಗೆ ಹೋದವರು ಯಾರ‍್ಯಾರು ಎಂದು ದಾಖಲೆ ತೆಗೆದು ನೋಡಿದರು, ಹುಡುಗ ಸಿಕ್ಕಿದ, ಒಪ್ಪಿಕೊಂಡ. ಸಾವಿರಾರು ಜನರಿದ್ದ ಕ್ಯಾಂಪಸ್ಸಿನಲ್ಲೇ ಹೀಗಾದರೆ, ನಿಮ್ಮೂರಿನ ಫೈಬರ್ ಲೈನಿನಲ್ಲಿ ರಾತ್ರಿ ಹತ್ತಕ್ಕೆ ಟಾರ್ ಬಳಸುವವರು ನೀವೊಬ್ಬರೇ ಇರಬಹುದು. ಟಾರ್ ಬಳಸುವುದು ಅಪರಾಧವಲ್ಲ, ಎದ್ದು ಕಾಣುವುದು ಮಾತ್ರ ತೊಂದರೆ.

ಇದಕ್ಕೆ ನನ್ನ ಮೊದಲ ಮದ್ದು ಬ್ರಿಡ್ಜ್, ಅಂದರೆ ಟಾರ್‌ನ ಸಾರ್ವಜನಿಕ ಪಟ್ಟಿಯಲ್ಲಿಲ್ಲದ ಒಳಬಾಗಿಲು. ಸಿಸ್-ಹೂನಿಕ್ಸ್‌ನ ಅನಾನ್ ಕನೆಕ್ಷನ್ ವಿಝಾರ್ಡ್‌ನಲ್ಲಿ ಓಬಿಎಫ್‌ಎಸ್4 ಅಥವಾ ಸ್ನೋಫ್ಲೇಕ್ ಬ್ರಿಡ್ಜ್ ಆರಿಸಬಹುದು. ಮೊದಲನೆಯದು ಸಂಚಾರವನ್ನು ಗುರುತೇ ಸಿಗದ ಹಾಗೆ ಕಲಸುತ್ತದೆ, ಎರಡನೆಯದು ವಿಡಿಯೊ ಕರೆಯಂತೆ ಕಾಣಿಸುತ್ತದೆ. ವೇಗ ಕಡಿಮೆ, ಆದರೆ ಹೊಸದಾಗಿ ಯಾವ ಕಂಪನಿಯನ್ನೂ ನಂಬಬೇಕಾಗಿಲ್ಲ. ಬ್ರಿಡ್ಜ್ ಪದೇ ಪದೇ ಕಡಿದುಹೋಗುತ್ತಿದ್ದರೆ ಆಗ ಸಿಸ್-ಹೂನಿಕ್ಸ್‌ನ ನೆಟ್ ಕ್ಯೂಬನ್ನು ಸಿಸ್-ವಿಪಿಎನ್ ಮಾಡಿ. ವಿಪಿಎನ್ ಜೊತೆ ಟಾರ್ ಬೆರೆಸುವುದನ್ನು ಟಾರ್ ಪ್ರಾಜೆಕ್ಟಿನವರು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ, ತಪ್ಪಾಗಿ ಜೋಡಿಸಿದರೆ ಇದ್ದ ರಕ್ಷಣೆಯೂ ಹೋಗುತ್ತದೆ ಎಂಬ ಕಾರಣಕ್ಕೆ.

ಅನಾನ್-ಹೂನಿಕ್ಸ್‌ನಲ್ಲಿ ಒಮ್ಮೆಯೂ ನಿಮ್ಮ ಜಿಮೇಲ್, ಫೇಸ್‌ಬುಕ್ ತೆರೆಯಬೇಡಿ. ಹೆಸರಿಲ್ಲದೆ ಬರೆಯುವುದಾದರೆ ಭಾಷೆಯ ಮೇಲೂ ನಿಗಾ ಇರಲಿ. ನಮ್ಮ ಕಡೆಯ ಕನ್ನಡದಲ್ಲಿ ತೆಲುಗು ಹಾಸುಹೊಕ್ಕಾಗಿದೆ, ನಿಮ್ಮ ವರದಿ ವಾರ ವಾರ ಓದುವವರು ನಾಲ್ಕು ಸಾಲಿಗೇ ‘ಇದು ಅವನದೇ’ ಎನ್ನುತ್ತಾರೆ.

ಸಿಗ್ನಲ್ ಹಾಕುವುದು ಸುಲಭ, ಅದರ ಮಿತಿ ತಿಳಿದಿರಬೇಕು. ಲ್ಯಾಪ್‌ಟಾಪಿನ ಸಿಗ್ನಲ್ ನಿಮ್ಮ ಫೋನಿನ ಸಿಗ್ನಲ್‌ಗೆ ಜೋಡಿಸಿದ್ದು. ಫೋನ್ ಸೋರಿದರೆ ಕ್ಯೂಬ್ಸ್ ಏನೂ ಮಾಡಲಾರದು. ಖಾತೆ ತೆರೆಯಲು ಮೊಬೈಲ್ ಸಂಖ್ಯೆ ಬೇಕೇ ಬೇಕು, ನಮ್ಮಲ್ಲಿ ಸಿಮ್ ಎಂದರೆ ಗುರುತಿನ ಚೀಟಿ. ಹಾಗಾಗಿ ಅನಾನ್-ಹೂನಿಕ್ಸ್‌ನಲ್ಲಿ ಸಿಗ್ನಲ್ ಹಾಕಿದರೂ ನೀವು ಅನಾಮಧೇಯರಾಗುವುದಿಲ್ಲ, ಸುಮ್ಮನೆ ನಿಧಾನವಾಗುತ್ತದೆ. ಸಿಗ್ನಲ್ ಕೊಡುವ ಲಾಭ ಬೇರೆ. ಅದರ ಬಳಿ ಇಟ್ಟುಕೊಂಡ ಮಾಹಿತಿಯೇ ಕಡಿಮೆ. 2016ರಲ್ಲಿ ಅಮೆರಿಕದ ನ್ಯಾಯಾಲಯದ ಆದೇಶ ಬಂದಾಗ ಅವರು ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ, ಇವೆರಡನ್ನು ಮಾತ್ರ. 2024ರಿಂದ ಅದರಲ್ಲಿ ಯೂಸರ್‌ನೇಮ್ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಸಂಖ್ಯೆ ಯಾರಿಗೂ ಕಾಣದಂತೆ ಮಾಡಿ, ಮೂಲದವರಿಗೆ ಯೂಸರ್‌ನೇಮ್ ಮಾತ್ರ ಕೊಡಿ. ಅವರ ಫೋನ್ ಕಚೇರಿಯಲ್ಲಿ ಯಾರ ಕೈಗಾದರೂ ಸಿಕ್ಕರೆ ನಿಮ್ಮ ನಂಬರ್ ಅಲ್ಲಿರುವುದಿಲ್ಲ. ಮಾಯವಾಗುವ ಸಂದೇಶಕ್ಕೆ ಒಂದು ವಾರ ಇಡಿ. ಮುಖಾಮುಖಿ ಭೇಟಿಗೆ ಇಬ್ಬರೂ ಫೋನ್ ಹಿಡಿದು ಒಂದೇ ಹೋಟೆಲಿಗೆ ಹೋದರೆ ಟವರ್ ದಾಖಲೆಯಲ್ಲಿ ಇಬ್ಬರೂ ಒಟ್ಟಿಗಿರುತ್ತೀರಿ. ಫೋನ್ ಮನೆಯಲ್ಲಿಟ್ಟು ಹೋಗಿ, ಆಫ್ ಮಾಡಿ ಜೇಬಿನಲ್ಲಿಡುವುದಕ್ಕಿಂತ ಅದು ವಾಸಿ.

ಈಗ ನಿಮಗೆ ನಿಜವಾಗಿ ಬೇಕಾದ ಭಾಗ. ನೀವು ಕೇಳದೆ ಬಿಟ್ಟದ್ದೂ ಇದೇ: ಬಂದ ದಾಖಲೆಯನ್ನು ಏನು ಮಾಡುವುದು?

ಫೋನಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದಾಗ ಫೈಲ್ ಮೊದಲು ಬರುವುದು ಸಿಸ್-ಯುಎಸ್‌ಬಿ ಎಂಬ ಕ್ಯೂಬಿಗೆ. ಅಲ್ಲಿ ತೆರೆಯದೆ, ಬಲ ಕ್ಲಿಕ್ ಮಾಡಿ ನೇರ ದಾಖಲೆ ಕ್ಯೂಬಿಗೆ ಕಾಪಿ ಮಾಡಿ. ಅಲ್ಲಿ ಮತ್ತೆ ಬಲ ಕ್ಲಿಕ್, ‘ಕನ್ವರ್ಟ್ ಟು ಟ್ರಸ್ಟೆಡ್ ಪಿಡಿಎಫ್’. ಕ್ಯೂಬ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಲಕರಣೆ ಇದೇ. ಫೈಲ್ ಒಂದು ಡಿಸ್ಪೋಸಬಲ್ ಕ್ಯೂಬಿನೊಳಗೆ ತೆರೆದುಕೊಳ್ಳುತ್ತದೆ, ಪ್ರತಿ ಪುಟವೂ ಬರಿಯ ಚಿತ್ರವಾಗುತ್ತದೆ, ಚುಕ್ಕೆಗಳು ಮಾತ್ರ ಹೊರಬಂದು ಹೊಸ ಪಿಡಿಎಫ್ ಆಗುತ್ತವೆ. ಒಳಗೆ ಏನೇ ವಿಷ ಅಡಗಿದ್ದರೂ ಆ ಕ್ಯೂಬಿನ ಜೊತೆ ಸತ್ತುಹೋಗುತ್ತದೆ. ಮೂಲ ಫೈಲನ್ನು ಬೇರೆ ಫೋಲ್ಡರಿನಲ್ಲಿ ಎತ್ತಿಡುತ್ತದೆ, ನಾಳೆ ನ್ಯಾಯಾಲಯಕ್ಕೆ ಬೇಕಾದರೆ ಅದು ಇರಲಿ.

ಚಿತ್ರವಾದ ಮೇಲೆ ಅದರಲ್ಲಿ ಹುಡುಕಲು, ನಕಲು ಮಾಡಲು ಆಗುವುದಿಲ್ಲ. ಆಗ ನಮ್ಮವರು ಮಾಡುವುದೇನು? ಕನ್ನಡ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯ ಮಾಡುವ ತಂತ್ರಾಂಶ) ಎಂದು ಹುಡುಕಿ, ಯಾವುದೋ ತಾಣಕ್ಕೆ ಇಡೀ ದಾಖಲೆ ಏರಿಸುತ್ತಾರೆ. ಇಲಾಖೆಯ ಹಳೆಯ ಪತ್ರಗಳು ನುಡಿ, ಬರಹದ ಆಸ್ಕಿ ಅಕ್ಷರದಲ್ಲಿರುತ್ತವೆ, ಅವನ್ನು ಯೂನಿಕೋಡ್ ಮಾಡಲು ಇನ್ನೊಂದು ತಾಣಕ್ಕೆ ಇಡೀ ಪಠ್ಯ ಅಂಟಿಸುತ್ತಾರೆ. ಟಾರ್, ವಿಪಿಎನ್, ಕ್ಯೂಬ್ಸ್ ಎಲ್ಲ ಕಟ್ಟಿಕೊಂಡವರು ಕೊನೆಗೆ ಗುಟ್ಟಿನ ಪತ್ರವನ್ನು ಗುರುತಿಲ್ಲದವರ ಸರ್ವರಿಗೆ ತಾವೇ ಕೊಟ್ಟುಬರುತ್ತಾರೆ! ಗೂಗಲ್ ಧ್ವನಿ ಟೈಪಿಂಗಿನಲ್ಲಿ ಟಿಪ್ಪಣಿ ಹೇಳುವುದೂ ಇದೇ ಸಾಲಿಗೆ ಸೇರಿದ್ದು. ದಾಖಲೆ ಕ್ಯೂಬಿಗೆಂದು ಡೆಬಿಯನ್ ಟೆಂಪ್ಲೇಟಿನ ಇನ್ನೊಂದು ಕ್ಲೋನ್ ಮಾಡಿ, ಅದರಲ್ಲಿ ಟೆಸರಾಕ್ಟ್ ಎಂಬ ಓಸಿಆರ್ ಮತ್ತು ಅದರ ಕನ್ನಡ ದತ್ತಾಂಶದ ಪ್ಯಾಕೇಜ್ ಹಾಕಿ. ಇಂಟರ್ನೆಟ್ ಇಲ್ಲದ ಕ್ಯೂಬಿನಲ್ಲೇ ಕನ್ನಡ ಪುಟ ಓದಿ ಕೊಡುತ್ತದೆ. ಒತ್ತಕ್ಷರದಲ್ಲಿ ಎಡವುತ್ತದೆ, ಮಾಸಿದ ಜೆರಾಕ್ಸ್ ಆದರೆ ಇನ್ನೂ ಹೆಚ್ಚು, ತಿದ್ದಿಕೊಳ್ಳಬೇಕು. ಆಸ್ಕಿ ಪರಿವರ್ತನೆಗೂ ಆಫ್‌ಲೈನ್ ಪೈಥಾನ್ ಸ್ಕ್ರಿಪ್ಟ್‌ಗಳು ಸಿಗುತ್ತವೆ. ಒಮ್ಮೆ ಇಳಿಸಿ ದಾಖಲೆ ಕ್ಯೂಬಿಗೆ ಕಾಪಿ ಮಾಡಿಟ್ಟರೆ ಸಾಕು, ಅಲ್ಲಿ ಇಂಟರ್ನೆಟ್ ಇಲ್ಲದ್ದರಿಂದ ಆ ಸ್ಕ್ರಿಪ್ಟ್ ಕಳ್ಳನಾದರೂ ಕದ್ದದ್ದನ್ನು ಹೊರಗೆ ಸಾಗಿಸುವ ದಾರಿಯಿಲ್ಲ.

ಫೋಟೋ ಪ್ರಕಟಿಸುವ ಮೊದಲು ಮ್ಯಾಟ್2 ಎಂಬ ಸಲಕರಣೆಯಿಂದ ಒಳಮಾಹಿತಿ ಅಳಿಸಿ. 2012ರಲ್ಲಿ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆಂದು ಜಗತ್ತಿಗೆ ತಿಳಿದದ್ದು ಪತ್ರಿಕೆಯೊಂದು ಹಾಕಿದ ಫೋಟೋದೊಳಗಿದ್ದ ಜಿಪಿಎಸ್ ಅಂಕಿಗಳಿಂದ. ಆ್ಯಂಟಿವೈರಸ್ ಕಂಪನಿ ಕಟ್ಟಿದ ಮನುಷ್ಯ ಅವರು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಈ ಮಾಹಿತಿ ಉದುರುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಉಳಿಯುತ್ತದೆ. ಮ್ಯಾಟ್2 ತೆಗೆಯಲಾಗದ ಗುರುತೂ ಇವೆ: ಮೂಲೆಯ ಆವಕ ಮೊಹರು, ಅಂಚಿನ ಕೈಬರಹದ ಟಿಪ್ಪಣಿ, ಪುಟದ ಮಡಿಕೆ, ಟೇಬಲ್ಲಿನ ಮೇಲೆ ಇಣುಕುವ ಬೆರಳು. ಕಚೇರಿಯಲ್ಲಿ ಆ ಪ್ರತಿ ಮೂವರ ಮೇಜಿಗೆ ಹೋಗಿತ್ತು ಎಂದರೆ ಮೊಹರೇ ಸಾಕು. ಅನುಮಾನವಿದ್ದರೆ ಪತ್ರದ ಚಿತ್ರ ಹಾಕಬೇಡಿ, ಅದರಲ್ಲೇನಿದೆ ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಸಂಪಾದಕರು ಚಿತ್ರ ಬೇಕು ಎಂದು ಪಟ್ಟು ಹಿಡಿದರೆ ಹೊಸದಾಗಿ ಟೈಪ್ ಮಾಡಿಸಿ ಕೊಡಿ.

ಪಾಸ್‌ವರ್ಡಿಗೆ ವಾಲ್ಟ್‌ನಲ್ಲಿ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಮ್ಯಾನೇಜರ್. ಬೇಕಾದಾಗ ಅಲ್ಲಿ ಕಂಟ್ರೋಲ್-ಸಿ, ನಂತರ ಕಂಟ್ರೋಲ್-ಶಿಫ್ಟ್-ಸಿ, ಹೋಗಬೇಕಾದ ಕ್ಯೂಬಿನ ಕಿಟಕಿಯಲ್ಲಿ ಕಂಟ್ರೋಲ್-ಶಿಫ್ಟ್-ವಿ, ಆಮೇಲೆ ಕಂಟ್ರೋಲ್-ವಿ. ಎರಡೇ ದಿನದಲ್ಲಿ ಬೆರಳಿಗೆ ರೂಢಿಯಾಗುತ್ತದೆ. ಡಿಸ್ಕ್ ತೆರೆಯುವ ಪಾಸ್‌ಫ್ರೇಸ್ ಮಾತ್ರ ತಲೆಯಲ್ಲಿರಬೇಕು. ಮನೆದೇವರ ಹೆಸರಿನ ಮುಂದೆ ಹುಟ್ಟಿದ ವರ್ಷ ಸೇರಿಸುವುದು ಬೇಡ. 7,776 ಪದಗಳ ಡೈಸ್‌ವೇರ್ ಪಟ್ಟಿಯಿಂದ ದಾಳ ಉರುಳಿಸಿ ಆರು ಪದ ಆರಿಸಿ.

ಡಿಸ್ಕಿನ ಈ ಗೂಢಲಿಪಿಯೆಲ್ಲ ಕೆಲಸ ಮಾಡುವುದು ಲ್ಯಾಪ್‌ಟಾಪ್ ಪೂರ್ತಿ ಆಫ್ ಆದಾಗ. ಮುಚ್ಚಳ ಮುಚ್ಚಿ ಸಸ್ಪೆಂಡ್‌ನಲ್ಲಿಟ್ಟರೆ ಬೀಗದ ಕೈ ರ‍್ಯಾಮ್‌ನಲ್ಲೇ ಇರುತ್ತದೆ. ಬಸ್ಸಿನಲ್ಲಿ ಹೋಗುವಾಗ, ರಾತ್ರಿ ಮಲಗುವಾಗ ಶಟ್‌ಡೌನ್ ಮಾಡಿ. ಹಳೆಯ ಯಂತ್ರವಾದ್ದರಿಂದ ಬಯೋಸ್ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶ) ಹೊಸದು ಮಾಡಿ ಅದಕ್ಕೂ ಪಾಸ್‌ವರ್ಡ್ ಹಾಕಿ. 16 ಜಿಬಿಯಲ್ಲಿ ಏಳೆಂಟು ಕ್ಯೂಬ್ ಒಟ್ಟಿಗೆ ತೆರೆದರೆ ಏದುಸಿರು ಬರುತ್ತದೆ. ಟಿ480ಯಲ್ಲಿ ರ‍್ಯಾಮ್ ಕೂರಿಸಲು ಎರಡು ಜಾಗ ಇದೆ, ಕೈಯಲ್ಲಿ ದುಡ್ಡಿದ್ದಾಗ 32 ಮಾಡಿಕೊಳ್ಳಿ.

ಕನ್ನಡ ಟೈಪಿಂಗ್ ಬರದಿರುವುದಕ್ಕೆ ಕಾರಣ, ನೀವು ಅದನ್ನು ಡಾಮ್-ಜೀರೋದಲ್ಲಿ ಹುಡುಕುತ್ತಿರಬೇಕು. ಕೀಬೋರ್ಡ್ ಅಲ್ಲಿಂದ ಬರುತ್ತದೆ ನಿಜ, ಆದರೆ ಲಿಪಿ ಮೂಡಿಸುವ ಐಬಸ್ ಆಯಾ ಕ್ಯೂಬಿನೊಳಗೇ ಓಡಬೇಕು. ದಾಖಲೆ ಕ್ಯೂಬಿನ ಟೆಂಪ್ಲೇಟಿನಲ್ಲಿ ಐಬಸ್, ಐಬಸ್-ಎಂ17ಎನ್ ಮತ್ತು ನೋಟೋ ಫಾಂಟ್ ಹಾಕಿ, ಕ್ಯೂಬ್ ಶುರುವಾದಾಗ ಐಬಸ್ ಡೀಮನ್ ತಾನಾಗಿ ಏಳುವಂತೆ ಆಟೊಸ್ಟಾರ್ಟ್‌ಗೆ ಸೇರಿಸಿ. ಪಟ್ಟಿಯಲ್ಲಿ ಕೆಜಿಪಿ ಎಂದು ಕಾಣುವುದೇ ನಿಮಗೆ ರೂಢಿಯಿರುವ ನುಡಿ ವಿನ್ಯಾಸ. ಅನಾನ್-ಹೂನಿಕ್ಸ್‌ನಲ್ಲಿ ಇದನ್ನೆಲ್ಲ ಹಾಕುವ ಗೋಜು ಬೇಡ. ಇಂಟರ್ನೆಟ್ ಇಲ್ಲದ ಕ್ಯೂಬಿನಲ್ಲಿ ಬರೆದು, ಮೇಲೆ ಹೇಳಿದ ನಾಲ್ಕು ಕೀಲಿಗಳಿಂದ ಅಲ್ಲಿಗೆ ಅಂಟಿಸಿ. ಅರ್ಧ ಬರೆದು ಅಳಿಸಿದ ಸಾಲುಗಳು ಹೊರಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಇಷ್ಟೆಲ್ಲ ಆದ ದಿನವೇ ಬ್ಯಾಕಪ್ ತೆಗೆಯಿರಿ. ಕ್ಯೂಬ್ಸ್‌ನ ಬ್ಯಾಕಪ್ ಸಲಕರಣೆ ಆರಿಸಿದ ಕ್ಯೂಬ್‌ಗಳನ್ನು ಗೂಢಲಿಪಿಯಲ್ಲೇ ಹೊರಗಿನ ಡಿಸ್ಕಿಗೆ ಬರೆಯುತ್ತದೆ. ವಾಲ್ಟ್, ದಾಖಲೆ, ಸಿಗ್ನಲ್, ಸಿಸ್-ವಿಪಿಎನ್ ಮತ್ತು ನೀವು ಕ್ಲೋನ್ ಮಾಡಿದ ಟೆಂಪ್ಲೇಟ್‌ಗಳನ್ನು ಸೇರಿಸಿ. ಬರೆದಾದ ಮೇಲೆ ರಿಸ್ಟೋರ್ ಕಿಟಕಿ ತೆರೆದು, ದತ್ತಾಂಶ ಮರಳಿಸದೆ ಬ್ಯಾಕಪ್ ಸರಿಯಿದೆಯೇ ಎಂದಷ್ಟೇ ಪರೀಕ್ಷಿಸುವ ಆಯ್ಕೆಗೆ ಟಿಕ್ ಹಾಕಿ ಒಮ್ಮೆ ಓಡಿಸಿ. ಆ ಡಿಸ್ಕನ್ನು ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬೇಡಿ.